ಬಿಸಿಯಾಗದ ತಂತಿಗೆ ತಂಪು ಯಾಕೆ?

ಪ್ರಶ್ನೆ: ಸೂಪರ್‌ಕಂಡಕ್ಟರ್ (ರೋಧವೇ ಇಲ್ಲದ, ಅಂದರೆ ಕರೆಂಟ್‌ಗೆ ತಡೆಯೇ ಇಲ್ಲದ) ತಂತಿ ಕರೆಂಟ್‌ನಿಂದ ಬಿಸಿಯಾಗುವುದಿಲ್ಲ ಅಂತಾರೆ. ಮತ್ತೆ ಫ್ಯೂಷನ್ ಯಂತ್ರದ (ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಯಂತ್ರದ) ಮ್ಯಾಗ್ನೆಟ್‌ಗಳಿಗೆ ಸದಾ ಹೀಲಿಯಂ ತಂಪು ಯಾಕೆ? ಅದು ತಪ್ಪಿದರೆ?

ಉತ್ತರ: ಕರೆಂಟ್‌ನಿಂದ ಬಿಸಿ ಇಲ್ಲ, ನಿಜ. ಆದರೆ ಹೊರಗಿನ ಬಿಸಿ ಸುಮ್ನೆ ಇರುವುದಿಲ್ಲ ಅಲ್ವಾ? ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಎಂಬ ಫ್ಯೂಷನ್ ಯಂತ್ರವನ್ನೇ ನೋಡಿ. ಮ್ಯಾಗ್ನೆಟ್‌ಗಳು ಸುಮಾರು ಮೈನಸ್ 269 ಡಿಗ್ರಿಯಲ್ಲಿರಬೇಕು; ತಂಪು ಕಡಿಮೆಯಾದರೆ ತಂತಿ ಸೂಪರ್‌ಕಂಡಕ್ಟರ್ ಆಗಿ ಉಳಿಯುವುದಿಲ್ಲ. ಕೆಲವೇ ಮೀಟರ್ ಆಚೆ 15 ಕೋಟಿ ಡಿಗ್ರಿಯ ಪ್ಲಾಸ್ಮಾ, ಅಂದರೆ ಕರೆಂಟ್ ಹರಿಯಬಲ್ಲ ಅತಿ ಬಿಸಿ ಅನಿಲ! ನಡುವೆ ನಿರ್ವಾತವಿದ್ದರೂ ಆಧಾರದ ಕಾಲುಗಳ ಮೂಲಕ, ಕರೆಂಟ್ ತರುವ ತಂತಿಗಳ ಮೂಲಕ ಬಿಸಿ ನುಸುಳುತ್ತದೆ. ಕಾಂತಕ್ಷೇತ್ರ ಏರಿಳಿದಾಗ ಸುರುಳಿಯೊಳಗೇ ಇನ್ನಷ್ಟು ಹುಟ್ಟುತ್ತದೆ. ಅದನ್ನೆಲ್ಲ ಹೀಲಿಯಂ ಹೊತ್ತೊಯ್ಯಬೇಕು.

ತಂಪು ತಪ್ಪಿದರೆ ಆಗುವುದೇ ಕ್ವೆಂಚ್. ಒಂದು ಚೂರು ಜಾಗ ಬಿಸಿಯಾಗಿ ಅಲ್ಲಿ ರೋಧ ಹುಟ್ಟುತ್ತದೆ. ರೋಧದಿಂದ ಬಿಸಿ ಜಾಸ್ತಿಯಾಗಿ ಪಕ್ಕಕ್ಕೆ ಹರಡುತ್ತದೆ. ಲ್ಯಾಬ್‌ನಲ್ಲಿ ಪುಟ್ಟ ಮ್ಯಾಗ್ನೆಟ್ ಒಂದು ಕ್ವೆಂಚ್ ಆದಾಗ ಹೀಲಿಯಂ ಭುಸ್ಸೆಂದು ನುಗ್ಗಿದ ಸದ್ದು ನನಗಿನ್ನೂ ನೆನಪಿದೆ. ಇಟರ್‌ನ 18 ದೊಡ್ಡ ಟೊರಾಯ್ಡಲ್ ಸುರುಳಿಗಳಲ್ಲಂತೂ (ಪ್ಲಾಸ್ಮಾವನ್ನು ಹಿಡಿದಿಡುವ ಮ್ಯಾಗ್ನೆಟ್‌ಗಳಲ್ಲಿ) 68,000 ಆಂಪಿಯರ್ ಹರಿಯಬೇಕು. ಅವುಗಳಲ್ಲಿ ತುಂಬುವ ಶಕ್ತಿ 41 ಗಿಗಾಜೂಲ್!

ಹಾಗಾಗಿ ವೋಲ್ಟೇಜ್ ಮೇಲೆ ಸದಾ ಕಣ್ಣಿಡುತ್ತಾರೆ. ರೋಧವಿಲ್ಲದ ಕಡೆ ವೋಲ್ಟೇಜ್ ಕಂಡರೆ ಅಪಾಯ. ಆದರೆ ಪ್ಲಾಸ್ಮಾದ ಕರೆಂಟ್ ಬದಲಾದಾಗಲೂ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಯಾವುದು ನಿಜವಾದ ಕ್ವೆಂಚ್ ಅಂತ ತಕ್ಷಣ ಗುರುತಿಸಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ನಾಜೂಕಾದದ್ದು ಇದೇ. ಕ್ವೆಂಚ್ ಅಂತ ಖಚಿತವಾದರೆ ಸ್ವಿಚ್‌ಗಳು ತೆರೆದು, ಶಕ್ತಿಯನ್ನು ಹೊರಗಿನ ದೊಡ್ಡ ರೆಸಿಸ್ಟರ್‌ಗಳಿಗೆ ಸುರಿಯುತ್ತವೆ. ಅಲ್ಲಿಯವರೆಗೆ ಕೇಬಲ್‌ನಲ್ಲಿ ಹೆಣೆದಿರುವ ತಾಮ್ರ ಕರೆಂಟನ್ನು ಹೊರುತ್ತದೆ. ಆಮೇಲೆ ಮತ್ತೆ ತಂಪು ಮಾಡಿಯೇ ಮುಂದಿನ ಪ್ರಯೋಗ.