ಸೊಕ್ಕಲ್ಲ, ದೂರದ್ದು ಕಾಣುವುದಿಲ್ಲ: ಒಂದು ಆಪ್ತಸಲಹೆ ಪ್ರಕರಣ

ರೇಣುಕಾ 9 ವರ್ಷದ ಹುಡುಗಿ. ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಹೆಸರು ನಿಜವಾದದ್ದಲ್ಲ, ಮನೆಯವರ ಗುರುತು ಸಿಗುವ ವಿವರಗಳನ್ನೂ ಬದಲಿಸಿದೆ. ಹುಟ್ಟಿದಾಗಿನಿಂದ ಮೈ ಬೆಳ್ಳಗೆ, ಕೂದಲು, ಹುಬ್ಬು, ಕಣ್ಣುರೆಪ್ಪೆ ಎಲ್ಲವೂ ಬಿಳಿ-ಹಳದಿ. ಬಿಸಿಲಿಗೆ ಬಂದರೆ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಾಳೆ. ಹುಟ್ಟಿನಿಂದಲೇ ಮೈಯಲ್ಲಿ ಬಣ್ಣ ಕಡಿಮೆ ಇರುವ ಇದನ್ನು ವೈದ್ಯರು ಆಲ್ಬಿನಿಸಂ ಎನ್ನುತ್ತಾರೆ.

ಕರೆತಂದ ತಾಯಿ ಹೇಳಿದ್ದು ಇಷ್ಟು: "ಮುಂಜಾನೆ ಎದ್ದ ಕೂಡ್ಲೆ ತಲಿ ನೋಯ್ತೈತಿ ಅಂತಾಳ್ರಿ. ಸಾಲಿಗೆ ಹೋಗು ಅಂದ್ರ ಅಳತಾಳ. ಐತವಾರ ಏನೂ ನೋಯೂದಿಲ್ಲ." ಶಾಲೆಯಲ್ಲಿ ಆಕೆಗೆ 'ಮುದುಕಿ', 'ಸುಣ್ಣದ ಗೊಂಬಿ' ಎಂದು ಅಡ್ಡಹೆಸರು ಬಿದ್ದಿದ್ದವು. ಬಿಸಿಯೂಟಕ್ಕೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಪ್ರಾರ್ಥನೆ ಹೊತ್ತಿನಲ್ಲಿ ಒಮ್ಮೆ ಶಿಕ್ಷಕಿ ಒಳ್ಳೆಯ ಮನಸ್ಸಿನಿಂದಲೇ ಎಲ್ಲರೆದುರು, "ಪಾಪ, ಆಕಿಗೆ ಕಾಯಿಲೆ ಐತಿ, ಯಾರೂ ಕಾಡಬ್ಯಾಡ್ರಿ" ಎಂದಿದ್ದರು. ಮರುದಿನದಿಂದ ಮಕ್ಕಳು ಇನ್ನೂ ದೂರ ಸರಿದರು. ಅದರಲ್ಲಿ ಆಶ್ಚರ್ಯವಿಲ್ಲ. ಕಾಯಿಲೆ ಎಂದ ಮೇಲೆ ಅಂಟುತ್ತದೆ ಎಂದೇ ಮಕ್ಕಳು ಲೆಕ್ಕ ಹಾಕುತ್ತಾರೆ. 'ಪಾಪ' ಅನ್ನಿಸಿಕೊಂಡವರನ್ನು ಆಟಕ್ಕೆ ಕರೆಯಬೇಕೆಂದೂ ಅವರಿಗೆ ಹೊಳೆಯುವುದಿಲ್ಲ.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, 'ನಾನು ಇರಬಾರದಿತ್ತು' ಎಂಬಂಥ ಮಾತು, ಇವುಗಳ ಬಗ್ಗೆ ಕೇಳುವುದು ಕಡ್ಡಾಯ. ಈ ಮಗುವಿನಲ್ಲಿ ಅಂಥ ಅಪಾಯದ ಸೂಚನೆ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ: ಮನೋವೈದ್ಯರ ಭೇಟಿ ಮೊದಲು, ಉಳಿದದ್ದು ಆಮೇಲೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ 14416, ಮಕ್ಕಳ ಸಹಾಯವಾಣಿ 1098, ಈ ಎರಡೂ ಸಂಖ್ಯೆಗಳನ್ನು ತಾಯಿಗೆ ಬರೆದುಕೊಡಲಾಯಿತು.

ಎರಡು ಬಗೆಯ ತಲೆನೋವು

ತಲೆನೋವನ್ನು ನೆವ ಎಂದು ತಳ್ಳಿಹಾಕದೆ, 2 ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ತಾಯಿಗೆ ಹೇಳಲಾಯಿತು: ಯಾವ ಹೊತ್ತು, ಎಲ್ಲಿದ್ದಾಗ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಳು. ಅಕ್ಷರ ಬರುವ ಅಣ್ಣ ಬರೆದ. ಓದಿದಾಗ ಎರಡು ನೋವು ಬೇರೆಬೇರೆಯಾಗಿ ಕಂಡವು. ಬೆಳಗಿನದು ಶಾಲೆಯ ದಿನ ಮಾತ್ರ, ಅದು ಅಂಜಿಕೆಯದು. ಮಧ್ಯಾಹ್ನದ ನೋವು ಮಾತ್ರ ಬಿಸಿಲು ಕಿಟಕಿಯಿಂದ ನೇರ ಮುಖಕ್ಕೆ ಬೀಳುವ ಹೊತ್ತಿನದು, ಅದು ಕಣ್ಣಿನದು. ಎರಡಕ್ಕೂ ಒಂದೇ ಮದ್ದು ಹುಡುಕಿದ್ದರೆ ಎರಡೂ ಉಳಿಯುತ್ತಿದ್ದವು.

ಮೈಗೆ ಬಣ್ಣ ಕೊಡುವ ಮೆಲನಿನ್ ಕಣ್ಣಿನ ಬೆಳವಣಿಗೆಗೂ ಬೇಕು. ಅದು ಕಡಿಮೆಯಾದಾಗ ಅಕ್ಷಿಪಟಲದ ನಡುಭಾಗ ಪೂರ್ತಿ ಬೆಳೆಯುವುದಿಲ್ಲ. ಕಣ್ಣಿನೊಳಗೆ ಬೆಳಕು ಅಡ್ಡಾದಿಡ್ಡಿ ನುಗ್ಗುತ್ತದೆ, ಕಣ್ಣುಗುಡ್ಡೆ ತಾನಾಗಿ ಅತ್ತಿತ್ತ ಅಲುಗುತ್ತಿರುತ್ತದೆ. ಕನ್ನಡಕದಿಂದ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ನೇತ್ರತಜ್ಞರು ಪರೀಕ್ಷಿಸಿದಾಗ ಕನ್ನಡಕ ಹಾಕಿದ ಮೇಲೂ ರೇಣುಕಾಳ ಒಳ್ಳೆಯ ಕಣ್ಣಿನ ದೃಷ್ಟಿ 6/36. ಉಳಿದವರು 36 ಮೀಟರ್ ದೂರದಿಂದ ಓದುವುದನ್ನು ಈಕೆ 6 ಮೀಟರಿಗೆ ಬಂದರೆ ಓದಬಲ್ಲಳು.

ಈ ಒಂದು ಅಂಕಿ ಪ್ರಕರಣದ ಅರ್ಧ ಗಂಟು ಬಿಚ್ಚಿತು. ತರಗತಿಯ ಹುಡುಗಿಯರನ್ನು ಕೇಳಿದಾಗ ಬಂದ ದೂರು: "ದೂರದಿಂದ ಕೈ ಮಾಡಿದ್ರ ತಿರುಗಿ ನೋಡಂಗಿಲ್ರಿ. ಭಾಳ ಸೊಕ್ಕು ಆಕಿಗೆ." ರೇಣುಕಾಳ ದೂರು: "ಯಾರೂ ನನ್ನ ಮಾತಾಡ್ಸೂದಿಲ್ಲ." ಇಬ್ಬರದೂ ನಿಜ. ಬಯಲಿನಲ್ಲಿ 20 ಹೆಜ್ಜೆ ಆಚೆ ನಿಂತವರ ಮುಖ ಆಕೆಗೆ ತಿಳಿಯುವುದಿಲ್ಲ, ನಗು ಕಾಣುವುದಿಲ್ಲ, ಚೆಂಡು ಎದೆಗೆ ಬಡಿದ ಮೇಲೆಯೇ ಗೊತ್ತಾಗುತ್ತದೆ. ಬಣ್ಣದಿಂದ ಆದ ಹಿಂಜರಿಕೆಗೆ ಈ ತಪ್ಪುತಿಳಿವಳಿಕೆಯೂ ಸೇರಿಕೊಂಡು ಗೋಡೆ ಎದ್ದಿತ್ತು. ಭಿನ್ನವಾಗಿ ಕಾಣುವ ಮಗುವಿನ ಪ್ರಕರಣಗಳಲ್ಲಿ ಎಲ್ಲ ದೋಷವನ್ನೂ ಸುತ್ತಲಿನವರ ಕ್ರೌರ್ಯಕ್ಕೆ ಹೊರಿಸುವ ಆತುರ ಸಲಹೆಗಾರರಿಗೂ ಇರುತ್ತದೆ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ.

ಮನೆಯಲ್ಲಿ

ಅಜ್ಜಿಯ ಪ್ರಕಾರ ಸೊಸೆ ಬಸುರಿಯಿದ್ದಾಗ ಕೇಸರಿ ಹಾಕಿದ ಹಾಲು ವಿಪರೀತ ಕುಡಿದಿದ್ದಳು. ಓಣಿಯವರ ಮಾತು ಇನ್ನೂ ಹೊಲಸಾಗಿತ್ತು, ತಂದೆಯ ಕಿವಿಗೂ ಬಿದ್ದಿತ್ತು. ಕೇಸರಿಯಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಇದು ತೊನ್ನೂ ಅಲ್ಲ, ಕುಷ್ಠವೂ ಅಲ್ಲ. ಈ ದಂಪತಿ ಸೋದರಮಾವ-ಅಕ್ಕನ ಮಗಳು. ರಕ್ತಸಂಬಂಧದಲ್ಲಿ ಒಂದೇ ಗುಪ್ತ ಗುಣ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇಬ್ಬರೂ ನೋಡಲು ಸಾಮಾನ್ಯರಂತೆಯೇ ಇರುತ್ತಾರೆ, ಹಾಗಾಗಿ "ನಮ್ಮ ವಂಶದಾಗ ಯಾರೂ ಹಿಂಗಿಲ್ಲ" ಎಂಬ ಮಾತಿನಿಂದ ಏನೂ ಸಾಬೀತಾಗದು.

ಬಾಯಿಮಾತಿನಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಎರಡು ಚೀಲ, ಒಂದೊಂದರಲ್ಲೂ ಒಂದು ಹುಣಸೆಬೀಜ, ಒಂದು ಬಿಳಿ ಅವರೆಕಾಳು. ಅಪ್ಪ ಒಂದರಿಂದ, ಅವ್ವ ಇನ್ನೊಂದರಿಂದ ನೋಡದೆ ಒಂದೊಂದು ತೆಗೆಯಬೇಕು. ಎರಡೂ ಬಿಳಿ ಬಂದಾಗ ಮಾತ್ರ ಮಗು ಹೀಗೆ ಹುಟ್ಟುತ್ತದೆ. ಪ್ರತಿ ಬಸಿರಿನಲ್ಲೂ 4ರಲ್ಲಿ 1 ಸಂಭವ. ಕಾಳನ್ನು ಪ್ರತಿ ಸಲ ಚೀಲಕ್ಕೆ ವಾಪಸು ಹಾಕಿಯೇ ಮುಂದಿನದು ತೆಗೆಯಬೇಕು, ಇಲ್ಲದಿದ್ದರೆ 'ಒಂದು ಹೀಗಾಯಿತಲ್ಲ, ಮುಂದಿನ ಮೂರೂ ಸರಿ' ಎಂಬ ತಪ್ಪು ಲೆಕ್ಕ ಉಳಿದುಬಿಡುತ್ತದೆ. ಆಟ ಮುಗಿದ ಮೇಲೆ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರ ನಂದೂ ಅರ್ಧ ಐತಿ?" ಹೌದು, ಸರಿಯಾಗಿ ಅರ್ಧ. ಅಣ್ಣನಲ್ಲಿ ಈ ಗುಣ ಗುಪ್ತವಾಗಿ ಇರುವ ಸಂಭವ 3ರಲ್ಲಿ 2. ಆತನಿಗೆ ಮುಂದೆ ಸಂಬಂಧದಲ್ಲೇ ಹೆಣ್ಣು ನೋಡುವ ಮಾತು ಬಂದರೆ ಮೊದಲು ತಳಿಶಾಸ್ತ್ರದ ಸಲಹೆ ಪಡೆಯಬೇಕೆಂದು ಹೇಳಲಾಯಿತು.

ತಾಯಿ ತಿಂಗಳಿಗೊಮ್ಮೆ ಮಗಳ ಕೂದಲಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದರು. ನೆತ್ತಿಯ ಮೇಲೆ ಗುಳ್ಳೆ ಎದ್ದಿದ್ದವು. ಅಂಗಡಿಯ ಬಣ್ಣಗಳಲ್ಲಿ, 'ಕರಿ ಮೆಹಂದಿ' ಎಂದು ಮಾರುವ ಪುಡಿಗಳಲ್ಲೂ, ಚರ್ಮಕ್ಕೆ ಅಲರ್ಜಿ ತರುವ ರಾಸಾಯನಿಕ ಇರುತ್ತದೆ. ಅದನ್ನು ನಿಲ್ಲಿಸಲು ಹೇಳಿದ್ದಕ್ಕೆ ಗುಳ್ಳೆ ಒಂದೇ ಕಾರಣವಲ್ಲ. ಬುಡದಿಂದ ಬಿಳಿ ಕೂದಲು ಬೆಳೆದು ಎರಡು ಬಣ್ಣ ಕಂಡಾಗಲೇ ಮಕ್ಕಳ ಗೇಲಿ ಜೋರಾಗುತ್ತಿತ್ತು, ಮತ್ತು 'ಇದು ಮುಚ್ಚಿಡಬೇಕಾದ ಸಂಗತಿ' ಎಂಬುದನ್ನು ಅವ್ವನ ಕೈಯೇ ಮಗುವಿಗೆ ತಿಂಗಳು ತಿಂಗಳೂ ಕಲಿಸುತ್ತಿತ್ತು. ದೊಡ್ಡವಳಾದ ಮೇಲೆ ತಾನಾಗಿ ಹಚ್ಚಿಕೊಳ್ಳಬೇಕೆನಿಸಿದರೆ ಅದು ಆಕೆಯ ಇಷ್ಟ.

ಉತ್ತರದ ತಾಲೀಮು

'ಹಿಂಗ್ಯಾಕ ಅದಿ?' ಎಂದು ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯಲ್ಲಿ ಕೇಳುವವರು ಜೀವನಪೂರ್ತಿ ಸಿಗುತ್ತಾರೆ. ಉತ್ತರ ಬಾಯಲ್ಲಿ ಸಿದ್ಧವಿಲ್ಲದ ಮಗು ಒಂದೋ ಅಳುತ್ತದೆ, ಇಲ್ಲವೇ ಹೊಡೆಯುತ್ತದೆ. ರೇಣುಕಾಳ ಜೊತೆ ಕೂತು ಆಕೆಯದೇ ಮಾತಿನಲ್ಲಿ ಕಟ್ಟಿದ್ದು: "ಹುಟ್ಟಿದಾಗಿಂದ ಹಿಂಗ. ಮೈಯಾಗ ಬಣ್ಣ ಕಡಿಮಿ ಐತಿ. ಯಾರಿಗೂ ಅಂಟೂದಿಲ್ಲ. ನಿಮ್ಮೂರು ಯಾವುದು?" ಕೊನೆಯ ಪ್ರಶ್ನೆ ಮುಖ್ಯ, ಮಾತು ಅಲ್ಲಿಂದ ಎದುರಿನವರ ಮೇಲೆ ತಿರುಗುತ್ತದೆ. ಮತ್ತೆ ಮತ್ತೆ ಕೆದಕಿದರೆ "ಹೇಳೀನಲ್ಲ" ಎಂದಷ್ಟೇ. ಮೂರನೆಯ ಸಲಕ್ಕೆ ಎದ್ದು ಹೋಗುವುದು. ಮನಸ್ಸಿಲ್ಲದ ದಿನ ಏನೂ ಹೇಳದೆ ಇರಲೂ ಆಕೆಗೆ ಹಕ್ಕಿದೆ ಎಂಬುದನ್ನು ತಾಯಿಗೆ ಬೇರೆಯಾಗಿ ಒತ್ತಿ ಹೇಳಬೇಕಾಯಿತು, ಏಕೆಂದರೆ ಹಿರಿಯರು ಕೇಳಿದಾಗ ಸುಮ್ಮನಿರುವುದು ನಮ್ಮಲ್ಲಿ ಉದ್ಧಟತನ.

ತಾಲೀಮು ಮನೆಯಲ್ಲಿ ದಿನಕ್ಕೆ 5 ನಿಮಿಷ. ಅಣ್ಣ ಕೆಟ್ಟ ಹುಡುಗನ ಪಾತ್ರ, ಅಜ್ಜಿ ಬಸ್ಸಿನ ಮುದುಕಿಯ ಪಾತ್ರ. ಪಾತ್ರ ಮಾಡುತ್ತಲೇ ಅಜ್ಜಿಯ ಕೇಸರಿ ಕತೆ ಮೆತ್ತಗಾಗತೊಡಗಿತು. ಅದು ನಮ್ಮ ಯೋಜನೆಯಲ್ಲಿ ಇರಲಿಲ್ಲ.

ಶಾಲೆಗೆ ಕೊಟ್ಟ ಸಲಹೆ

ಶಿಕ್ಷಕಿಯ ಜೊತೆ ಮೊದಲು ಮಾತಾಡಿದ್ದು ಕುತ್ತಿಗೆಯ ಬಗ್ಗೆ. ರೇಣುಕಾ ತಲೆ ವಾಲಿಸಿ ಓರೆಯಾಗಿ ಬೋರ್ಡ್ ನೋಡುತ್ತಾಳೆ. "ನೆಟ್ಟಗ ಕೂಡು" ಎಂದು ಗಲ್ಲ ಹಿಡಿದು ತಿರುಗಿಸಲಾಗುತ್ತಿತ್ತು. ಆ ಓರೆ ಕೋನದಲ್ಲೇ ಕಣ್ಣುಗುಡ್ಡೆಯ ಅಲುಗಾಟ ಕಡಿಮೆಯಾಗಿ ಅಕ್ಷರ ನಿಲ್ಲುತ್ತದೆ. ನೆಟ್ಟಗೆ ಮಾಡಿದರೆ ಕಾಣುವುದು ತಪ್ಪುತ್ತದೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೂ ಕಣ್ಣು ಕೆಡುವುದಿಲ್ಲ. ಬೆನ್ನು ಬಾಗದಂತೆ ಪುಸ್ತಕದ ಕೆಳಗೆ ಇಳಿಜಾರಾದ ಹಲಗೆ ಇಟ್ಟರೆ ಸಾಕು.

ಕೂರುವುದು ಮುಂದಿನ ಸಾಲು, ಆದರೆ ಕಿಟಕಿ ಬೆನ್ನ ಹಿಂದಿರಬೇಕು. ಮುಂದೆ ಕೂರಿಸಿ ಕಿಟಕಿ ಎದುರಿಗಿಟ್ಟರೆ ಮೊದಲಿಗಿಂತ ಕಷ್ಟ. ಬೋರ್ಡಿನ ಮೇಲೆ ಬರೆಯುವಾಗಲೇ ಗಟ್ಟಿಯಾಗಿ ಓದುತ್ತ ಬರೆಯಬೇಕು, ಬೇಕೆನಿಸಿದಾಗ ಎದ್ದು ಬೋರ್ಡಿನ ಹತ್ತಿರ ಹೋಗಲು ಬಿಡಬೇಕು. ಪ್ರಶ್ನೆಪತ್ರಿಕೆಯನ್ನು ಎ4ರಿಂದ ಎ3ಗೆ, ಅಂದರೆ 141 ಪ್ರತಿಶತಕ್ಕೆ ಹಿಗ್ಗಿಸಿ ಜೆರಾಕ್ಸ್ ಮಾಡಬಹುದು. ಎಲ್ಲವನ್ನೂ ಹಿಗ್ಗಿಸಬೇಕಿಲ್ಲ, ಸಾಮಾನ್ಯ ಅಚ್ಚನ್ನು ಹತ್ತಿರ ಹಿಡಿದು ಆಕೆ ಓದುತ್ತಾಳೆ. ಟೋಪಿ ತರಗತಿಯೊಳಗೂ ಇರಲಿ.

ಬಿಸಿಲಿನ ವಿಷಯದಲ್ಲಿ ಈ ಜಿಲ್ಲೆಗಳಲ್ಲಿ ರಾಜಿಯಿಲ್ಲ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳು, ಸುತ್ತಲೂ 3 ಇಂಚು ಅಂಚಿನ ಟೋಪಿ, ಒತ್ತು ನೇಯ್ಗೆಯ ತುಂಬುತೋಳಿನ ಹತ್ತಿ ಬಟ್ಟೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ದುಬಾರಿ, ಆದ್ದರಿಂದ ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ: ಮುಖ, ಕಿವಿ, ಕತ್ತಿನ ಹಿಂಭಾಗ, ಮುಂಗೈ. ಹೊರಡುವ 15-20 ನಿಮಿಷ ಮೊದಲು, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಕಿವಿಯನ್ನು ಎಲ್ಲರೂ ಮರೆಯುತ್ತಾರೆ. ವಾರಗಟ್ಟಲೆ ಮಾಯದ ಹುಣ್ಣು ಕಂಡರೆ ಚರ್ಮವೈದ್ಯರು. ಪ್ರಾರ್ಥನೆಗೆ ಆಕೆಯೊಬ್ಬಳನ್ನೇ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇವೆ ಎಂದು ಶಾಲೆ ಮುಂದಾಯಿತು. ಅದು ಬೇಡ, ನಾಲ್ಕನೇ ತರಗತಿಯ ಸಾಲನ್ನೇ ಮರದ ಕೆಳಗೆ ಸರಿಸಿ ಎಂದು ಕೇಳಿಕೊಳ್ಳಲಾಯಿತು. ಮಕ್ಕಳು ಖುಷಿಯಿಂದ ಸರಿದರು. ನೆರಳು ಯಾರಿಗೆ ಬೇಡ?

ತರಗತಿಯಲ್ಲಿ ಅರ್ಧ ಗಂಟೆಯ ಮಾತುಕತೆಗೆ ತಾಯಿಯ ಒಪ್ಪಿಗೆ ಮತ್ತು ರೇಣುಕಾಳ ಒಪ್ಪಿಗೆ ಎರಡನ್ನೂ ಪಡೆಯಲಾಯಿತು. ತಾನು ಇರುತ್ತೇನೆ, ಆದರೆ ಎದ್ದು ನಿಲ್ಲಿಸಬಾರದು ಎಂಬುದು ಆಕೆಯ ಷರತ್ತು. ಮಕ್ಕಳೆಲ್ಲ ಮುಂಗೈಗಳನ್ನು ಸಾಲಾಗಿ ಇಟ್ಟು ಬಣ್ಣ ಹೋಲಿಸಿದರು. ಒಂದೇ ಮೆಲನಿನ್, ಒಬ್ಬೊಬ್ಬರಲ್ಲಿ ಒಂದೊಂದು ಅಳತೆ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿದ್ದು ಸಾರ್ಥಕವಾಯಿತು: 'ಮುಟ್ಟಿದ್ರ ಬರತೈತೇನು?' 'ರಾತ್ರಿ ಕಣ್ಣು ಕಾಣತೈತೇನು?' 'ಆಕಿ ಮುದುಕಿ ಆದಾಗ ಕೂದಲ ಕರೀ ಆಗತಾವೇನು?' ಕೊನೆಯದಕ್ಕೆ ರೇಣುಕಾಳೇ ಮೊದಲು ನಕ್ಕಳು. ಪ್ರತಿಯೊಂದಕ್ಕೂ ನೇರ ಉತ್ತರ, ಉಪದೇಶವಿಲ್ಲ. ಆಮೇಲೆ ಒಂದೇ ಕೆಲಸದ ಮಾತು: ಆಕೆಯನ್ನು ಮಾತಾಡಿಸಬೇಕಾದರೆ 3-4 ಹೆಜ್ಜೆ ಹತ್ತಿರ ಬಂದು ನಿಮ್ಮ ಹೆಸರು ಹೇಳಿ. ಕಣ್ಣಿಗೆ ಮಂದ ಪ್ಲಾಸ್ಟಿಕ್ ಕಟ್ಟಿ 'ಆಕೆಯ ಕಷ್ಟ ಅನುಭವಿಸುವ' ಆಟವನ್ನು ಕೆಲವರು ಮಾಡಿಸುತ್ತಾರೆ. ಅದರಿಂದ ಭಯ ಮತ್ತು ಕನಿಕರ ಹುಟ್ಟುತ್ತವೆ, ಗೆಳೆತನ ಹುಟ್ಟುವುದಿಲ್ಲ. ಹಾಗಾಗಿ ಕೈಬಿಟ್ಟೆವು.

'ರೇಣುಕಾನ್ನ ನೋಡ್ಕೊಳ್ಳೋ' ಜವಾಬ್ದಾರಿಯನ್ನು ಒಬ್ಬ ಜಾಣ ಹುಡುಗಿಗೆ ವಹಿಸುವುದಾಗಿ ಶಿಕ್ಷಕಿ ಹೇಳಿದರು. ಅದೂ ಬೇಡವೆಂದೆವು. ಆ ಹುಡುಗಿ ತಿಂಗಳೊಳಗೆ ಆಯಾ ಆಗುತ್ತಾಳೆ, ಆಮೇಲೆ ಬೇಸತ್ತು ಬಿಟ್ಟುಬಿಡುತ್ತಾಳೆ. ಬದಲಿಗೆ ಮೂವರ ತಂಡಗಳಲ್ಲಿ ವಾರಕ್ಕೊಂದು ಕೆಲಸ: ಪುಸ್ತಕ ಹಂಚುವುದು, ಬೆಳಗಿನ ಹೊತ್ತು ಗಿಡಕ್ಕೆ ನೀರು, ಪ್ರಾರ್ಥನೆಯಲ್ಲಿ ಹಾಡುವುದು. ಎಲ್ಲ ಮಕ್ಕಳೂ ತಂಡಗಳಲ್ಲಿ ಸುತ್ತುತ್ತಾರೆ. ಬಿಸಿಯೂಟಕ್ಕೆ ಹಾಜರಿ ಸಂಖ್ಯೆಯ ಪ್ರಕಾರ ಸಾಲು, ಯಾರ ಪಕ್ಕ ಯಾರು ಎಂಬ ಆಯ್ಕೆಯೇ ಇಲ್ಲ. ಆಟದಲ್ಲಿ ಚೆಂಡಿನ ಬದಲು ಕುಂಟೆಬಿಲ್ಲೆ (ಗೆರೆ ದಪ್ಪ ಇರಲಿ), ಹಗ್ಗದಾಟ, ಚೌಕಾಬಾರ, ಒಗಟು. ಒಗಟಿನಲ್ಲಿ ಅಜ್ಜಿಯ ಮೊಮ್ಮಗಳನ್ನು ಸೋಲಿಸುವವರು ಆ ತರಗತಿಯಲ್ಲಿಲ್ಲ.

'ಮುದುಕಿ' ಹೆಸರು ಕಟ್ಟಿದ ಹುಡುಗನನ್ನು ಎಲ್ಲರೆದುರು ಕ್ಷಮೆ ಕೇಳಿಸಬಾರದೆಂದು ಹೇಳಿದ್ದಕ್ಕೆ ತಂದೆಗೆ ಸಿಟ್ಟು ಬಂತು. ವೇದಿಕೆಯ ಮೇಲೆ ಕೇಳಿದ ಕ್ಷಮೆಯ ಸೇಡು ಮನೆಗೆ ಹೋಗುವ ದಾರಿಯಲ್ಲಿ ತೀರುತ್ತದೆ. ಆತನನ್ನು ಬೇರೆಯಾಗಿ ಕೂರಿಸಿ, ಆ ಮಾತು ಇನ್ನು ನಡೆಯುವುದಿಲ್ಲ, ಮತ್ತೆ ಕೇಳಿಬಂದರೆ ಮನೆಯವರನ್ನು ಕರೆಸುತ್ತೇವೆ ಎಂದು ಮುಖ್ಯಶಿಕ್ಷಕರು ಸ್ಪಷ್ಟ ಹೇಳಿದರು. ಹೊಡೆಯಲಿಲ್ಲ. ಹೊಡೆಯುವಂತೆಯೂ ಇಲ್ಲ, ಮಾನಸಿಕ ಹಿಂಸೆ ಕೊಡುವಂತೆಯೂ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಎರಡನ್ನೂ ನಿಷೇಧಿಸುತ್ತದೆ. ಆ ಹುಡುಗ ರೇಣುಕಾಳ ಗೆಳೆಯನೇನೂ ಆಗಲಿಲ್ಲ. ಸುಮ್ಮನಾದ, ಅಷ್ಟು ಸಾಕು.

ಕಾಗದಪತ್ರ ಮತ್ತು ಮುಂದಿನ ಹೆಜ್ಜೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿ ಸೇರಿದೆ. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಸಿಗುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯದ ಪ್ರಮಾಣ 40 ಪ್ರತಿಶತ ಅಥವಾ ಅದಕ್ಕೂ ಮೇಲಿರಬೇಕು. 'ಕಾರ್ಡ್ ಮಾಡಿಸಿದ್ರ ಲಗ್ನಕ್ಕ ತೊಂದರಿ' ಎಂದು ತಂದೆ ಹಿಂಜರಿದರು. ಕಾರ್ಡನ್ನು ಯಾರಿಗೂ ತೋರಿಸಬೇಕಿಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ಬೇಕಾಗುತ್ತದೆ ಎಂದ ಮೇಲೆ ಅರ್ಜಿ ಹಾಕಿದರು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಭೂತಗನ್ನಡಿಯಂಥ ಸಾಧನಗಳಿಗೆ ಅವರನ್ನು ಕಾಣಲು ಶಾಲೆಗೆ ತಿಳಿಸಲಾಯಿತು.

ಬೆಳಗಿನ ತಲೆನೋವು ನಿಂತಿದೆ. ಮಧ್ಯಾಹ್ನದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೇಸಿಗೆಯ ಹಿಂದುಮುಂದಿನ ತಿಂಗಳುಗಳಲ್ಲಿ ಹೋಗುವ ನಿರೀಕ್ಷೆಯೂ ಇಲ್ಲ. ಊಟದ ಹೊತ್ತಿನಲ್ಲಿ ಇಬ್ಬರು ಹುಡುಗಿಯರು ಹಾಜರಿ ಸಾಲು ಬಿಟ್ಟು ಆಕೆಯ ಪಕ್ಕಕ್ಕೆ ಬರುತ್ತಾರೆ ಎಂದು ಶಿಕ್ಷಕಿ ದೂರಿನ ಧಾಟಿಯಲ್ಲಿ ಹೇಳಿದರು. ನೆಂಟರ ಮದುವೆಗಳಿಗೆ ಮಾತ್ರ ಮನೆಯವರು ಇನ್ನೂ ಆಕೆಯನ್ನು ಕರೆದೊಯ್ಯುತ್ತಿಲ್ಲ. ಆ ಮಾತು ತಂದೆಯ ಜೊತೆ ನಡೆಯುತ್ತಿದೆ.

ಐದನೇ ತರಗತಿ ಮುಗಿದ ಮೇಲೆ ಪಕ್ಕದೂರಿನ ಶಾಲೆಗೆ ಹೋಗಬೇಕಾಗುತ್ತದೆ. ಅಲ್ಲಿ ಮತ್ತೆ ಮೊದಲಿನಿಂದ ಶುರುವಾಗದಂತೆ ಒಂದು ಪುಟದ ಚೀಟಿ ಸಿದ್ಧಪಡಿಸಲು ಈಗಿನ ಶಿಕ್ಷಕಿಗೆ ಹೇಳಿದೆ: ಎಲ್ಲಿ ಕೂರಿಸಬೇಕು, ತಲೆ ಏಕೆ ವಾಲುತ್ತದೆ, ಟೋಪಿಗೆ ಅನುಮತಿ, ಹತ್ತಿರ ಬಂದು ಹೆಸರು ಹೇಳಿ ಮಾತಾಡಿಸುವುದು, ಹೆಚ್ಚುವರಿ ಸಮಯ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ತಾಯಿಯೇ ಅದನ್ನು ಹೊಸ ಮುಖ್ಯಶಿಕ್ಷಕರಿಗೆ ಕೊಡಬೇಕು. ಹೊಸ ತರಗತಿಯ ಮಕ್ಕಳಿಗೆ ಹೇಳುವುದೋ ಬೇಡವೋ, ಹೇಳುವುದಾದರೆ ಯಾರು ಎಂಬ ಸಾಲನ್ನು ಖಾಲಿ ಬಿಟ್ಟಿದೆ. ಅದನ್ನು ರೇಣುಕಾ ತುಂಬುತ್ತಾಳೆ.