ಜಯನಗರವೂ ಒಂದು ಕಾಲಕ್ಕೆ ಹೊಲವೇ ಆಗಿತ್ತಲ್ವಾ? ರೆವಿನ್ಯೂ ಸೈಟ್ ತಗೊಳ್ಳಲಾ, ಫ್ಲಾಟ್ ತಗೊಳ್ಳಲಾ?

ಇವತ್ತಿನ ಹೊಲ ನಾಳೆ ಬೆಂಗಳೂರಿನ ಜಯನಗರದಂಥ ಬಡಾವಣೆ ಆಗುತ್ತೆ ಅನ್ನೋ ಈ ಕಥೆಯನ್ನು ನನಗೂ ಬ್ರೋಕರ್ ಹೇಳಿದ್ದ. 1998, ಕನಕಪುರ ರಸ್ತೆ ಕಡೆ. ನಂಬಿ 30×40 ರೆವಿನ್ಯೂ ಸೈಟ್ ತಗೊಂಡೆ, ಅಂದರೆ ಬಡಾವಣೆಗೆ ಮಂಜೂರಾತಿ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ ಸೈಟ್.

ಕಣ್ಣು ಮುಚ್ಚಿಕೊಂಡೇನೂ ತಗೊಳ್ಳಲಿಲ್ಲ. ಮೂಲಪತ್ರ ನೋಡಿದೆ, ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿದೆ, ವಕೀಲರಿಗೂ ತೋರಿಸಿದೆ. ಆದರೆ ಎಲ್ಲವೂ ನನ್ನ ಸೈಟಿನ ಕಾಗದಗಳು. ಮುಂದಿನ ರಸ್ತೆ ಯಾರದು ಅಂತ ಕೇಳಲೇ ಇಲ್ಲ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ 30 ಅಡಿ ರಸ್ತೆ' ಅಂತಿತ್ತು, ಅಷ್ಟು ಸಾಕು ಅಂದುಕೊಂಡೆ. ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಪಾರ್ಕಿನ ಜಾಗವನ್ನು ಪ್ರಾಧಿಕಾರಕ್ಕೆ ಬರೆದುಕೊಡಬೇಕು. ನಮ್ಮಲ್ಲಿ ರಸ್ತೆ ಇದ್ದದ್ದು ನಕ್ಷೆಯ ಜೆರಾಕ್ಸಿನಲ್ಲಿ ಮಾತ್ರ. ಪಹಣಿಯಲ್ಲಿ ಆ ಗುಂಟೆಗಳೆಲ್ಲ ಹೊಲದ ಯಜಮಾನರ ಹೆಸರಲ್ಲೇ ಉಳಿದಿದ್ದವು. ಅವರು ತೀರಿಕೊಂಡರು, ಮಕ್ಕಳು ಪಾಲು ಮಾಡಿಕೊಂಡರು, ಕಿರಿಯವನು ತನ್ನ ಪಾಲಿಗೆ ಬಂದ 'ರಸ್ತೆ'ಗೆ ಕಲ್ಲು ನೆಟ್ಟು ಬೇಲಿ ಹಾಕಿಸಿದ. ಅವನನ್ನು ಬೈಯುವಂತೆಯೂ ಇಲ್ಲ, ದಾಖಲೆ ಅವನದೇ! ಚರಂಡಿ ಕೇಳಲು ಸರ್ಕಾರಿ ಕಚೇರಿಗೆ ಹೋದರೆ 'ಖಾಸಗಿ ಜಾಗ' ಅಂದರು. ಕೊನೆಗೆ ಬೀದಿಯವರೆಲ್ಲ ಸಂಘ ಕಟ್ಟಿ, ದುಡ್ಡು ಕೂಡಿಸಿ, ಒಮ್ಮೆ ಕೊಂಡಿದ್ದೇವೆ ಅಂದುಕೊಂಡಿದ್ದ ರಸ್ತೆಯನ್ನು ಮತ್ತೆ ಕೊಂಡೆವು. ಮನೆಯಲ್ಲಿದ್ದ ಬಳೆಗಳು ಹೋಗಿದ್ದು ಅದಕ್ಕೇ.

ಹಾಗಾಗಿ ಜಯನಗರದ ಮಾತು ಬಿಡಿ. ಜನ ಬಂದು ಸೇರಿದ ಮಾತ್ರಕ್ಕೆ ಅದು ಜಯನಗರ ಆಗಲಿಲ್ಲ. 1945ರಲ್ಲಿ ಶುರುವಾದ ಸಿಐಟಿಬಿ (ನಗರಾಭಿವೃದ್ಧಿ ನೋಡಿಕೊಳ್ಳುತ್ತಿದ್ದ ಸರ್ಕಾರಿ ಮಂಡಳಿ) ಜಮೀನು ವಶಕ್ಕೆ ಪಡೆದು, ರಸ್ತೆ, ಪಾರ್ಕು ಗುರುತು ಮಾಡಿ, ಆಮೇಲೆ ಸೈಟ್ ಹಂಚಿತು. 1898ರ ಪ್ಲೇಗಿನ ಆಸುಪಾಸು ಬೆಳೆದ ಮಲ್ಲೇಶ್ವರ, ಬಸವನಗುಡಿಯಲ್ಲೂ ಮೊದಲು ಬೀದಿ ಬಂತು, ಆಮೇಲೆ ಮನೆ. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂದರೂ ಊರು ಬೆಳೆದ ವೇಗಕ್ಕೆ ಅದರ ಸೈಟುಗಳು ಸಾಲಲಿಲ್ಲ. ಆ ಸಂದಿಯಲ್ಲಿ ಬೆಳೆದದ್ದು ರೆವಿನ್ಯೂ ಲೇಔಟ್. ಕೊಂಡವರೆಲ್ಲ ದಡ್ಡರು ಅಂತ ನಾನಂತೂ ಹೇಳುವುದಿಲ್ಲ. ಬೇರೆ ಏನು ಸಿಗುತ್ತಿತ್ತು?

ಇಂಥ ಸೈಟು, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಕಾನೂನುಬದ್ಧ ಮಾಡುವ 'ಅಕ್ರಮ ಸಕ್ರಮ' ಆಗುತ್ತೆ ಅಂತ ಕಾಯುತ್ತಾ ಕೂತವರನ್ನೂ ನೋಡಿದ್ದೇನೆ. 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು.

ಫ್ಲಾಟಾ, ಸೈಟಾ ಅನ್ನೋದು ಆಮೇಲಿನ ಮಾತು. ಇವತ್ತು ನೀವು ನೋಡಿರುವ ಸೈಟಿನ ಸರ್ವೆ ನಂಬರಿನ ಪೂರ್ತಿ ಪಹಣಿ ತೆಗೆಸಿ. ರಸ್ತೆಯ ಗುಂಟೆ ಇನ್ನೂ ಹೊಲದವರ ಹೆಸರಲ್ಲೇ ಇದ್ದರೆ, ಅಡ್ವಾನ್ಸ್ ಕೊಟ್ಟಿದ್ದರೂ ವಾಪಸ್ ಕೇಳಿ. ಬ್ರೋಕರ್ ಮುಖ ಸಿಂಡರಿಸಿದರೆ ಸಿಂಡರಿಸಲಿ.