ಗದಗದಲ್ಲಿ ಪಾಸಿಟಿವ್, ಹುಬ್ಬಳ್ಳಿಯಲ್ಲಿ ನೆಗೆಟಿವ್: ಮಗುವಿನ ಮಲ ಪರೀಕ್ಷೆಯ ಯಾವ ರಿಪೋರ್ಟನ್ನು ನಂಬಬೇಕು?

ನಿಮ್ಮ 14 ತಿಂಗಳ ಮಗನಿಗೆ 12 ದಿನಗಳಿಂದ ಭೇದಿ ನಿಂತಿಲ್ಲ. ಗದಗದ ಲ್ಯಾಬಿನಲ್ಲಿ ಮಲದಲ್ಲಿ ಸಕ್ಕರೆಯ ಅಂಶವಿದೆ ಎಂದು ಬಂದ ರಿಪೋರ್ಟು, ಎರಡು ದಿನ ಬಿಟ್ಟು ಹುಬ್ಬಳ್ಳಿಯಲ್ಲಿ ಮಾಡಿಸಿದಾಗ ಇಲ್ಲವೆಂದು ಬಂದಿದೆ. ಯಾವುದು ಸರಿ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ 16 ವರ್ಷಗಳಿಂದ ಟೆಕ್ನಿಷಿಯನ್ ಆಗಿದ್ದೇನೆ. ನೀವು ಬರೆದ ವಿವರಗಳನ್ನು ನೋಡಿದರೆ ಮೊದಲನೆಯ ರಿಪೋರ್ಟಿಗೇ ಹೆಚ್ಚು ಬೆಲೆ ಕೊಡಬೇಕೆಂದು ನನಗೆ ಅನ್ನಿಸುತ್ತದೆ.

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವವು ಸಣ್ಣ ಕರುಳಿನ ಒಳಪದರದ ತೀರಾ ತುದಿಯಲ್ಲಿರುತ್ತದೆ. ಸೋಂಕಿನ ಭೇದಿಯಲ್ಲಿ ಆ ಪದರಕ್ಕೆ ಪೆಟ್ಟು ಬಿದ್ದಾಗ, ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ತನ್ನೊಂದಿಗೆ ನೀರನ್ನೂ ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಆಮ್ಲ ಮತ್ತು ಗಾಳಿಯನ್ನು ಮಾಡುತ್ತವೆ. ನೊರೆನೊರೆಯಾಗಿ ರಭಸದಿಂದ ಹೋಗುವ ಹುಳಿವಾಸನೆಯ ಮಲ, ಕುಂಡೆಯ ಸುತ್ತ ಕೆಂಪಾದ ಚರ್ಮ ಎಂದು ನೀವು ಬರೆದದ್ದಕ್ಕೆ ಇದು ಹೊಂದುತ್ತದೆ.

ಪರೀಕ್ಷೆ ಹಳೆಯದು, ಸರಳವಾದದ್ದು. ಮಲದ ನೀರಿನಂಥ ಭಾಗವನ್ನು ಎರಡು ಪಾಲು ನೀರಿನಲ್ಲಿ ಕದಡಿ, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣಕ್ಕೆ ಹನಿಹನಿಯಾಗಿ ಹಾಕಿ ಕುದಿಯುವ ನೀರಿನಲ್ಲಿ ಇಡುತ್ತೇವೆ. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೆಯೇ ಉಳಿಯುತ್ತದೆ. ಇದ್ದರೆ ಅದರ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ತೀರಾ ಹೆಚ್ಚಾದರೆ ಇಟ್ಟಂಗಿಯ ಕೆಂಪು ಕಾಣಿಸುತ್ತದೆ. ಶೇ. 0.5ಕ್ಕಿಂತ ಹೆಚ್ಚಿದ್ದರೆ ಅಸಹಜವೆಂದೂ, 0.25ರಿಂದ 0.5ರವರೆಗೆ ಇದ್ದರೆ ಅನುಮಾನಾಸ್ಪದವೆಂದೂ ಓದುತ್ತಾರೆ. ಜೊತೆಗೆ ಮಲದ ಪಿಎಚ್, ಅಂದರೆ ಆಮ್ಲದ ಅಳತೆ (ಇದು ಇಳಿದಷ್ಟೂ ಆಮ್ಲ ಹೆಚ್ಚು), 5.5ಕ್ಕಿಂತ ಕೆಳಗಿದ್ದರೆ ಸಕ್ಕರೆ ಜೀರ್ಣವಾಗುತ್ತಿಲ್ಲವೆಂಬ ಸಂಶಯ ಗಟ್ಟಿಯಾಗುತ್ತದೆ.

ಈಗ ನಿಮ್ಮ ಎರಡನೆಯ ಸ್ಯಾಂಪಲ್ಲಿನ ಕಥೆಗೆ ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಡೈಪರಿನಿಂದ ಕೆರೆದು ಡಬ್ಬಿಗೆ ಹಾಕಿ, ಅಣ್ಣಿಗೇರಿ ಮಾರ್ಗದ ಬಸ್ಸಿನಲ್ಲಿ ತಂದು, ಸರದಿಯಲ್ಲಿ ನಿಂತು, ಹತ್ತೂವರೆಗೆ ಕೊಟ್ಟಿದ್ದೀರಿ. ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗಳು ಬಸ್ಸಿನಲ್ಲಿಯೂ ಸುಮ್ಮನಿರುವುದಿಲ್ಲ. ಆ ಮೂರೂವರೆ ತಾಸಿನಲ್ಲಿ ಅವು ಉಳಿದ ಸಕ್ಕರೆಯನ್ನು ತಿಂದು ಮುಗಿಸಿರಬಹುದು. ನಾವು ನೋಡಬೇಕಾದ ನೀರಿನ ಭಾಗವನ್ನಂತೂ ಡೈಪರ್ ಮೊದಲೇ ಹೀರಿಕೊಂಡಿರುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮೊದಲ ರಿಪೋರ್ಟು ನೋಡಿ ಹೆದರಿ ಆ ಎರಡು ದಿನ ಎಮ್ಮೆಯ ಹಾಲನ್ನು ನಿಲ್ಲಿಸಿದ್ದೀರಿ. ಹಾಲೇ ಕುಡಿಯದ ಮಗುವಿನ ಮಲದಲ್ಲಿ ಹಾಲಿನ ಸಕ್ಕರೆ ಎಲ್ಲಿಂದ ಬರಬೇಕು? ಈ ಎರಡನೆಯ ರಿಪೋರ್ಟಿನಲ್ಲಿ ಪಿಎಚ್ 5 ಎಂದು ಬಂದಿರುವುದನ್ನು ಗಮನಿಸಿದ್ದೀರಿ, ಆದರೆ ಇಟ್ಟ ಸ್ಯಾಂಪಲ್ಲಿನಲ್ಲಿ ಆಮ್ಲ ಹೆಚ್ಚುತ್ತಲೇ ಹೋಗುವುದರಿಂದ ಅದೊಂದನ್ನೇ ಹಿಡಿದು ನಾನು ತೀರ್ಪು ಕೊಡಲಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಡೈಪರಿನ ಸ್ಯಾಂಪಲ್ಲನ್ನು ಮರುಮಾತಿಲ್ಲದೆ ತೆಗೆದುಕೊಂಡು ನೆಗೆಟಿವ್ ಎಂದು ಬರೆದುಕೊಟ್ಟಿದ್ದೆ. ವಾರದ ನಂತರ ಅದೇ ತಾಯಿ ಇನ್ನೂ ಬಡಕಲಾಗಿದ್ದ ಮಗುವನ್ನು ಎತ್ತಿಕೊಂಡು ಬಂದರು; ನಮ್ಮಲ್ಲಿಯೇ ಹಿಡಿದ ಹೊಸ ಸ್ಯಾಂಪಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂದಿನಿಂದ ಎಷ್ಟು ಹೊತ್ತಿಗೆ ಹಿಡಿದದ್ದು, ಮಗು ಏನು ಕುಡಿದಿತ್ತು ಎಂದು ಕೇಳದೆ ನಾನು ಡಬ್ಬಿ ಮುಟ್ಟುವುದಿಲ್ಲ.

ವೈದ್ಯರು ಮತ್ತೆ ಪರೀಕ್ಷೆ ಬೇಕೆಂದರೆ ಗದಗದಲ್ಲಿಯೇ ಮಾಡಿಸಿರಿ. ದೊಡ್ಡ ಊರಿನ ಲ್ಯಾಬಿಗಿಂತ ಹತ್ತಿರದ ಲ್ಯಾಬು ಇದಕ್ಕೆ ಮೇಲು. ಹಾಲು ಕೊಟ್ಟ ಮೇಲೆಯೇ ಪರೀಕ್ಷಿಸಬೇಕೆ ಎಂಬುದನ್ನು ಅವರೇ ಹೇಳಲಿ. ಮಗುವಿನ ಕೆಳಗೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಮೂತ್ರ ಬೆರೆಯದಂತೆ ನೀರಿನ ಭಾಗವನ್ನು ಒಣ ಡಬ್ಬಿಗೆ ಹಿಡಿದು, ಒಂದು ತಾಸಿನೊಳಗೆ ಮುಟ್ಟಿಸಿರಿ. ಹಾಲಿಗೆ ಸಕ್ಕರೆ ಹಾಕುತ್ತೀರೆಂದು ಬರೆದಿದ್ದೀರಿ. ಅದನ್ನೂ ತಿಳಿಸಿರಿ, ಏಕೆಂದರೆ ಅಡುಗೆಮನೆಯ ಸಕ್ಕರೆ ಬೆನೆಡಿಕ್ಟ್ ದ್ರಾವಣದ ಬಣ್ಣ ಬದಲಿಸುವುದಿಲ್ಲ. ಅದನ್ನು ಕಾಣಬೇಕಾದರೆ ಮೊದಲು ಆಮ್ಲದಲ್ಲಿ ಕುದಿಸಿ ಒಡೆಯಬೇಕು. ದೊಡ್ಡವರಿಗೆ ಹಾಲು ಒಗ್ಗದಿರುವುದನ್ನು ತಿಳಿಯಲು ಈ ಪರೀಕ್ಷೆ ಉಪಯೋಗಕ್ಕೆ ಬಾರದು, ಅವರಿಗೆ ಉಸಿರಿನ ಹೈಡ್ರೋಜನ್ ಪರೀಕ್ಷೆ ಇದೆ.

ಮಗು ಎದೆಹಾಲು ಕುಡಿಯುತ್ತಿದ್ದರೆ ಅದನ್ನು ಮಾತ್ರ ರಿಪೋರ್ಟು ನೋಡಿ ನೀವಾಗಿಯೇ ಬಿಡಿಸಬೇಡಿರಿ. ಬರೀ ಎದೆಹಾಲು ಕುಡಿಯುವ ಆರೋಗ್ಯವಂತ ಕೂಸಿನ ಮಲದಲ್ಲಿಯೂ ಸ್ವಲ್ಪ ಸಕ್ಕರೆ, ಕಡಿಮೆ ಪಿಎಚ್ ಕಾಣುವುದುಂಟು. ಎಮ್ಮೆಯ ಹಾಲನ್ನು ಎಷ್ಟು ದಿನ ತಡೆಯಬೇಕು, ಬದಲಿಗೆ ಏನು ಕೊಡಬೇಕು ಎಂಬುದು ಮಕ್ಕಳ ವೈದ್ಯರು ನಿರ್ಧರಿಸುವ ಮಾತು; ಭೇದಿಯಿಂದ ಬಂದ ಈ ತೊಂದರೆ ಸಾಮಾನ್ಯವಾಗಿ ಕರುಳು ವಾಸಿಯಾದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ. ಓಆರ್‌ಎಸ್ ನಿಲ್ಲಿಸಬೇಡಿರಿ. ಭೇದಿ 14 ದಿನ ತುಂಬುವ ಮೊದಲೇ ಎರಡೂ ರಿಪೋರ್ಟು ಹಿಡಿದು ವೈದ್ಯರಿಗೆ ತೋರಿಸಿರಿ. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಯಾವ ರಿಪೋರ್ಟಿಗೂ ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡಿರಿ.